ಗ್ರಾವೆಲ್ ಅಂದ್ರ ಮುರುಮ್ ರೀ

ದೊಡ್ಡ ಊರುಗಳ ಸೈಕಲ್ ಅಂಗಡಿಗಳಲ್ಲಿ ಈಗ ‘ಗ್ರಾವೆಲ್ ಬೈಕ್’ ಎಂಬ ಹೊಸ ತಳಿಯೊಂದು ನಿಂತಿದೆ. ಹ್ಯಾಂಡಲ್ಲು ರೇಸ್ ಸೈಕಲ್ಲಿನಂತೆ ಬಾಗಿದ್ದು, ಟಯರು ಮಾತ್ರ ದಪ್ಪ. ಡಾಂಬರು ಮುಗಿದಲ್ಲಿಂದ ಇದರ ಸವಾರಿ ಶುರು ಎಂದು ಮಾರುವವರು ಹೇಳುತ್ತಾರೆ. ಬೆಲೆ ಅರ್ಧ ಲಕ್ಷದ ಸುತ್ತ ಹೊರಟು ಹಲವು ಲಕ್ಷಕ್ಕೆ ಹೋಗಿ ನಿಲ್ಲುತ್ತದೆ. ಜಾಹೀರಾತಿನಲ್ಲಿ ತಪ್ಪದೆ ಇರುವುದು ಮಂಜು ಮುಸುಕಿದ ಕಾಡುಬೆಟ್ಟ, ಕೆಳಗೊಂದು ಕೆರೆ, ಅಂಚಿನಲ್ಲಿ ಒಂಟಿ ಸವಾರ. ಅಲ್ಲಿ ಊರಿಲ್ಲ, ದನವಿಲ್ಲ, ಮೇವಿನ ಹೊರೆ ಹೊತ್ತು ಎದುರು ಬರುವವರಿಲ್ಲ.

ಸೈಕಲ್ಲಿನ ಮೇಲೆ ನನಗೆ ಸಿಟ್ಟಿಲ್ಲ. ನನ್ನ ತಕರಾರು ಈ ಚಿತ್ರದ ಜತೆ.

ಗ್ರಾವೆಲ್ ಎಂದರೆ ನಮ್ಮ ಬೀದರ್ ಸೀಮೆಯ ಮಾತಿನಲ್ಲಿ ಮುರುಮ್. ಹುಮನಾಬಾದ್ ತಾಲ್ಲೂಕಿನ ಹುಡಗಿಯ ಕಡೆ ಬಂದು, ಹೆದ್ದಾರಿ ಬಿಟ್ಟು ಹೊಲಗಳತ್ತ ಹೊರಳಿ ನೋಡಿ. ಗಾಲಿಗೆ ಸಿಗುವುದು ಅದೇ. (ಊರ ಹೆಸರು ಕೇಳಿ ಹೊರಗಿನವರು ನಗುತ್ತಾರೆ. ನಗಲಿ. ಹುಡುಗಿಯರ ಮಾತೂ ಮುಂದೆ ಬರುವುದಿದೆ.) ಮೇಲೆ ಕೆಂಪು ಜಂಬಿಟ್ಟಿಗೆಯ ದಿಣ್ಣೆ, ಕೆಳಗಿಳಿದರೆ ಎರೆ ಹೊಲ. ಎರೆಮಣ್ಣು ಒಂದು ಮಳೆ ಬಿದ್ದರೆ ಗಾಲಿ ಹಿಡಿದು ನಿಲ್ಲಿಸುತ್ತದೆ, ಚಪ್ಪಲಿಯನ್ನೂ ಬಿಡುವುದಿಲ್ಲ. ಅದಕ್ಕೇ ಅದರ ಮೇಲೆ ಮುರುಮ್ ಸುರಿದು ದಾರಿ ಮಾಡಿಕೊಂಡರು. ಹಿಂದೆ ಊರವರೇ ಮಾಡಿಕೊಂಡರು. ಈಚೆಗೆ ಉದ್ಯೋಗ ಖಾತ್ರಿಯ ‘ನಮ್ಮ ಹೊಲ ನಮ್ಮ ರಸ್ತೆ’ ಕಾಮಗಾರಿಯಲ್ಲಿ ಕೂಲಿಯವರು ಬುಟ್ಟಿ ಹೊತ್ತು ಮಾಡಿದ್ದಾರೆ. ‘ನಿಸರ್ಗದ ಮಡಿಲಿನ ಕಚ್ಚಾ ಹಾದಿ’ ಎಂದು ನೀವು ಹೊಗಳುವಾಗ ಅಲ್ಲಿ ನಿಸರ್ಗದ್ದು ಎಷ್ಟು, ಆ ಬುಟ್ಟಿಯದು ಎಷ್ಟು ಎಂದು ಕೇಳಬೇಕೆನಿಸುತ್ತದೆ.

ದಪ್ಪ ಟಯರಿನ ವಿಷಯಕ್ಕೂ ಬರೋಣ. ಗ್ರಾವೆಲ್ ಬೈಕಿನ ಟಯರು ಸಾಮಾನ್ಯವಾಗಿ 40 ಮಿಲಿಮೀಟರ್ ಆಸುಪಾಸು. ನಮ್ಮ ಹಳ್ಳಿಗಳಲ್ಲಿ ಹಾಲಿನ ಕ್ಯಾನು, ಜೋಳದ ಚೀಲ, ಹೆಂಡತಿ ಮಕ್ಕಳನ್ನು ಹೊತ್ತು ತಿರುಗಿದ ಕಪ್ಪು ಅಟ್ಲಾಸ್, ಹೀರೊ, ಹರ್ಕ್ಯುಲಿಸ್ ಸೈಕಲ್ಲುಗಳ ಟಯರಿನ ಮೇಲೆ 28×1½ ಎಂದು ಬರೆದಿರುತ್ತದೆ. ಒಂದೂವರೆ ಇಂಚು ಅಂದರೂ ಅದೇ 40ರ ಆಸುಪಾಸು! ಅಂದರೆ ನಮ್ಮ ಅಪ್ಪಂದಿರು ದಶಕಗಳ ಕಾಲ ಗ್ರಾವೆಲ್ ಬೈಕನ್ನೇ ಹೊಡೆದರು, ಹೆಸರು ಗೊತ್ತಿರಲಿಲ್ಲ ಅಷ್ಟೆ. ಸಾಹಿಬಾಬಾದಿನ ಅಟ್ಲಾಸ್ ಕಾರ್ಖಾನೆ ಕೆಲಸ ನಿಲ್ಲಿಸಿದ್ದು 2020ರ ಜೂನ್ 3ರಂದು. ಅಂದು ವಿಶ್ವ ಸೈಕಲ್ ದಿನ. ಇಂಥದ್ದನ್ನು ಕತೆಯಲ್ಲಿ ಬರೆದರೆ ಸಂಪಾದಕರು ಹೊಡೆದುಹಾಕುತ್ತಾರೆ.

ಈ ಆಟ ಹುಟ್ಟಿದ್ದಾದರೂ ಕಾಡಿನಲ್ಲೇ? ಅಲ್ಲ. ಅಮೆರಿಕದಲ್ಲಿ ಇದಕ್ಕೆ ಹೆಸರು ತಂದ 200 ಮೈಲಿಯ ಪಂದ್ಯ 2006ರಲ್ಲಿ ಕ್ಯಾನ್ಸಸ್‌ನ ಎಂಪೋರಿಯಾದಲ್ಲಿ ಶುರುವಾಯಿತು. ಅದು ದನ ಮೇಯುವ, ಬೆಳೆ ಬೆಳೆಯುವ ಬಯಲು. ಇಟಲಿಯದು ಇನ್ನೂ ಚೆಂದದ ಪ್ರಸಂಗ. ಟಸ್ಕನಿಯಲ್ಲಿ ದ್ರಾಕ್ಷಿ ತೋಟಗಳ ನಡುವೆ ಬಿಳಿ ಮಣ್ಣಿನ ದಾರಿಗಳಿದ್ದವು. ಒಂದೊಂದಾಗಿ ಡಾಂಬರಿನ ಕೆಳಗೆ ಹೋಗುತ್ತಿದ್ದವು. ಅವನ್ನು ಉಳಿಸಬೇಕೆಂದು ಜಾನ್‌ಕಾರ್ಲೊ ಬ್ರೋಚ್ಚಿ ಎಂಬವರು 1997ರಲ್ಲಿ ಗಾಯೋಲೆ ಎಂಬ ಊರಿನಿಂದ ಹಳೆಯ ಸೈಕಲ್ಲುಗಳ ಸವಾರಿ ಹೊರಡಿಸಿದರು. ಮೊದಲ ವರ್ಷ ಬಂದವರು ನೂರು ಮಂದಿಯೂ ಇರಲಿಲ್ಲ. 2007ರಿಂದ ಅಲ್ಲಿನ ಬಿಳಿ ದಾರಿಗಳಲ್ಲಿ ವೃತ್ತಿಪರ ರೇಸೇ ನಡೆಯುತ್ತಿದೆ. ದಾರಿ ಉಳಿಸುವ ಜಗಳದಿಂದ ಹುಟ್ಟಿದ ಸವಾರಿ ಅದು. ನಾವು ಅಲ್ಲಿಂದ ಹ್ಯಾಂಡಲ್ಲು ತರಿಸಿಕೊಂಡೆವು, ಟಯರು ತರಿಸಿಕೊಂಡೆವು. ಜಗಳವನ್ನು ಮಾತ್ರ ಅಲ್ಲೇ ಬಿಟ್ಟು ಬಂದೆವು.

ಜಗಳಕ್ಕೆ ಇಲ್ಲಿ ಕಾರಣ ಕಡಿಮೆಯೇನಿಲ್ಲ. ಪ್ರತಿ ಊರಿಗೂ ಒಂದು ಗ್ರಾಮ ನಕಾಶೆ ಇದೆ. ಅದರಲ್ಲಿ ಜೋಡಿ ಚುಕ್ಕಿಗೆರೆ ಇದ್ದರೆ ಬಂಡಿದಾರಿ, ಒಂಟಿ ಚುಕ್ಕಿಗೆರೆ ಇದ್ದರೆ ಕಾಲುದಾರಿ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಕಲಮಿನ ಪ್ರಕಾರ ಸಾರ್ವಜನಿಕ ರಸ್ತೆ, ಓಣಿ, ಹಾದಿ, ಹಳ್ಳ, ಕೆರೆ ಎಲ್ಲವೂ ಸರ್ಕಾರದ ಆಸ್ತಿ; ಅಂದರೆ ನಿಮ್ಮದು, ನನ್ನದು. ಕಾಗದದ ಮೇಲೆ. ನೆಲದ ಮೇಲೆ ಏನಾಗುತ್ತದೆ ಎಂದರೆ, ಎತ್ತು ಹೋಗಿ ಟ್ರ್ಯಾಕ್ಟರ್ ಬಂದ ಮೇಲೆ ಬಂಡಿದಾರಿಯ ಅಂಚಿಗೆ ಪ್ರತಿ ವರ್ಷ ಒಂದೊಂದು ಸಾಲು ಹೆಚ್ಚು ನೇಗಿಲು ಬೀಳುತ್ತದೆ. ಹತ್ತು ವರ್ಷಕ್ಕೆ ದಾರಿ ಬದುವಾಗುತ್ತದೆ. ಆಮೇಲೆ ಬದುವೂ ತೊಗರಿಯಾಗುತ್ತದೆ. ಒಳಗಿನ ಹೊಲದವನು ಕಬ್ಬು ಹೇಗೆ ಸಾಗಿಸಬೇಕು? ಪಕ್ಕದವನ ಕಾಲು ಹಿಡಿಯಬೇಕು, ಇಲ್ಲ ಕೋರ್ಟಿಗೆ ಹೋಗಬೇಕು. ಸ್ಮಶಾನದ ದಾರಿ ಮುಚ್ಚಿಹೋದ ಕೇರಿಗಳವರ ಪಾಡು ಇನ್ನೂ ಕಠಿಣ. ಹೆಣ ಹೊತ್ತು ಯಾರದೋ ಬೆಳೆ ತುಳಿದು ಹೋಗಬೇಕು, ಬೈಗುಳ ಕೇಳಬೇಕು.

ಇಲ್ಲಿ ಒಂದು ಮಾತು ಏಳುತ್ತದೆ, ಏಳಲೇಬೇಕು. ‘ಊರವರು ಡಾಂಬರು ಬೇಕು ಅಂತಾರೆ, ನೀವು ಸೈಕಲ್ ಖುಷಿಗೆ ಮುರುಮ್ ಉಳಿಸಿ ಅಂತೀರಿ. ಕೆಸರಲ್ಲಿ ಬಾಣಂತಿಯನ್ನು ಹೊತ್ತವರಿಗೆ ಹೇಳಿ ನೋಡಿ!’ ಒಪ್ಪಿದೆ. ಊರಿಂದ ಊರಿಗೆ, ತಾಂಡಾದಿಂದ ಆಸ್ಪತ್ರೆಗೆ ಪಕ್ಕಾ ರಸ್ತೆಯೇ ಆಗಬೇಕು. ಅದನ್ನು ಬೇಡ ಅನ್ನುವ ಸವಾರ ಇದ್ದರೆ ಅವನ ಸೈಕಲ್ ಪಂಕ್ಚರ್ ಆಗಲಿ. ನಾನು ಹೇಳುತ್ತಿರುವುದು ಹೊಲದೊಳಗಿನ ದಾರಿಯ ಮಾತು. ಅದು ಡಾಂಬರಿಗೂ ಬಂದಿಲ್ಲ, ಮುರುಮಿಗೂ ಉಳಿದಿಲ್ಲ. ನಕಾಶೆಯಲ್ಲಿ ಮಾತ್ರ ಬದುಕಿದೆ.

ಬೆಂಗಳೂರಿನ ಸವಾರರ ಕಣ್ಣು ಮಾತ್ರ ಪಶ್ಚಿಮ ಘಟ್ಟದ ಮೇಲೆಯೇ. ಕುದುರೆಮುಖ 1987ರಿಂದ ರಾಷ್ಟ್ರೀಯ ಉದ್ಯಾನ. 1972ರ ವನ್ಯಜೀವಿ ಕಾಯ್ದೆಯಂತೆ ಅಲ್ಲಿಗೆ ಮನಸ್ಸಿಗೆ ಬಂದಾಗ ನುಗ್ಗುವ ಹಾಗಿಲ್ಲ, ನುಗ್ಗಲೂ ಬಾರದು. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಚಾರಣಿಗರ ಜಾತ್ರೆ ನೆರೆದದ್ದನ್ನು ಎಲ್ಲರೂ ನೋಡಿದ್ದೇವೆ. ಒಂದೇ ಬೆಟ್ಟದ ಮೇಲೆ ಇಷ್ಟು ಪ್ರೀತಿ ಬೇಡ. ಕಾಡಿನೊಳಗಿನ ಊರಿನವರು ಒಂದು ರಸ್ತೆಗಾಗಿ ವರ್ಷಗಟ್ಟಲೆ ಅರ್ಜಿ ಹಿಡಿದು ತಿರುಗುವ ನಾಡಿನಲ್ಲಿ, ವಾರಾಂತ್ಯದ ಗಾಲಿಗೆ ಕಾಡು ತೆರೆಯಿರಿ ಎಂದು ಕೇಳಲು ನಾಲಿಗೆ ಹೇಗೆ ಹೊರಳುತ್ತದೋ!

ಕೆರೆದಂಡೆಯ ಸವಾರಿ ಬೇಕೇ? ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿ ಬಳಿ ಕಾರಂಜಾ ಜಲಾಶಯ ಇದೆ. ಸಂಜೆ ಬಿಸಿಲಿಗೆ ನೀರು ಚೆಂದ, ಹಕ್ಕಿಗಳೂ ಚೆಂದ. ಆ ನೀರಿನ ಕೆಳಗೆ ಹೊಲಗಳಿವೆ, ಹೊಲಕ್ಕೆ ಹೋಗುತ್ತಿದ್ದ ದಾರಿಗಳೂ ಇವೆ. ಅವನ್ನು ಕಳೆದುಕೊಂಡವರು ನ್ಯಾಯವಾದ ಪರಿಹಾರ ಕೊಡಿ ಎಂದು ಬೀದರಿನಲ್ಲಿ ಧರಣಿ ಕೂತಿದ್ದರು. ದಂಡೆಯ ಫೋಟೊಕ್ಕೆ ಎರಡು ಸಾಲು ಬರೆಯುವವರು ಅದನ್ನೂ ಬರೆಯಲಿ. ಬಸವಕಲ್ಯಾಣಕ್ಕೆ ಬರುವವರದೂ ಇದೇ ಚಾಳಿ. ಸಸ್ತಾಪುರ ಬಂಗ್ಲಾದಲ್ಲಿ ಹೆದ್ದಾರಿ ಬಿಟ್ಟು ತಿರುಗಿ, ತ್ರಿಪುರಾಂತ ಕೆರೆಯನ್ನು ಕಾರಿನಿಂದಲೇ ನೋಡಿ, ಕಾಯಕದ ಬಗ್ಗೆ ಭಾಷಣ ಕೇಳಿ, ಕತ್ತಲಾಗುವುದರೊಳಗೆ ಹೈದರಾಬಾದಿನ ಕಡೆ ಹೊರಟುಬಿಡುತ್ತಾರೆ.

ಇನ್ನು ಹುಡುಗಿಯರ ಮಾತು. ಗ್ರಾವೆಲ್ ಸವಾರಿಯ ಬಗ್ಗೆ ಈ ರಾಜ್ಯದಲ್ಲಿ ನಿಜವಾಗಿ ಮಾತಾಡುವ ಹಕ್ಕು ಯಾರಿಗಾದರೂ ಇದ್ದರೆ ತಾಂಡಾದಿಂದ, ಸಣ್ಣ ಊರಿನಿಂದ ಹೈಸ್ಕೂಲಿಗೆ ಸೈಕಲ್ ತುಳಿದ ಹುಡುಗಿಯರಿಗೆ. 2006–07ರಲ್ಲಿ ಕರ್ನಾಟಕ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿತು. ಸೈಕಲ್ ಗಟ್ಟಿ ಇರಲಿಲ್ಲ, ಬ್ರೇಕು ಮೊದಲ ತಿಂಗಳೇ ಕೈಕೊಡುತ್ತಿತ್ತು ಎಂಬ ದೂರುಗಳಿದ್ದವು. ಆದರೂ ತುಳಿದರು. ಅದೇ ವರ್ಷ ಸೈಕಲ್ ಯೋಜನೆ ಶುರು ಮಾಡಿದ ಬಿಹಾರದಲ್ಲಿ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಲೆಕ್ಕ ಹಾಕಿ ನೋಡಿದರು. ಹೈಸ್ಕೂಲಿಗೆ ವಯಸ್ಸಿಗೆ ಸರಿಯಾಗಿ ದಾಖಲಾದ ಹುಡುಗಿಯರ ಪ್ರಮಾಣ ಶೇ 32ರಷ್ಟು ಏರಿತ್ತು. ಶಾಲೆ ಮೂರು ಕಿಲೋಮೀಟರಿಗಿಂತ ದೂರ ಇದ್ದ ಊರುಗಳಲ್ಲಿ ಪರಿಣಾಮ ಹೆಚ್ಚು. ನಮ್ಮಲ್ಲಿ ಕೋವಿಡ್ ಬಂತು, ಸೈಕಲ್ ನಿಂತಿತು. ಕೋವಿಡ್ ಹೋಯಿತು, ಒಂದರ ಹಿಂದೊಂದು ಬಜೆಟ್ ಬಂದವು, ಸೈಕಲ್ ಬರಲಿಲ್ಲ. ಬಸ್ಸು ಪುಕ್ಕಟೆ ಇದೆಯಲ್ಲ ಎನ್ನುವವರಿದ್ದಾರೆ. ಇದೆ, ಒಳ್ಳೆಯದೇ ಆಯಿತು. ಆದರೆ ಬಸ್ಸು ಡಾಂಬರಿನ ಮೇಲೆ ಬರುತ್ತದೆ, ಅದರದೇ ಹೊತ್ತಿಗೆ ಬರುತ್ತದೆ. ಮನೆಯಿಂದ ಆ ಡಾಂಬರಿನವರೆಗೆ ಇರುವುದು ಮುರುಮ್.

ಸಾಹಸ ಪ್ರವಾಸೋದ್ಯಮಕ್ಕೆ ಎಷ್ಟು ಬೇಕಾದರೂ ಯೋಜನೆ ಬರೆಯಲಿ. ಹದಿಮೂರರ ಹುಡುಗಿಗೆ ಒಂದು ಸೈಕಲ್, ಅವಳ ಸೈಕಲ್ಲಿಗೆ ಒಂದು ದಾರಿ, ಈ ಎರಡನ್ನು ಕೊಡಲಾರದ ಸರ್ಕಾರ ಸವಾರರಿಗೆ ಟ್ರೇಲ್ ಕೊಡುತ್ತೇನೆಂದರೆ ನಾನಂತೂ ಚಪ್ಪಾಳೆ ತಟ್ಟಲಾರೆ. ಸವಾರರೂ ತಟ್ಟಬಾರದು.

ನೀವು ವಿದ್ಯಾರ್ಥಿಗಳಾಗಿದ್ದು, ಮನೆಯಲ್ಲಿ ಯಾವುದೋ ಹಳೆಯ ಸೈಕಲ್ ಇದ್ದರೆ ಅದಕ್ಕೆ ಗಾಳಿ ತುಂಬಿ. ಭೂಮಾಪನ ಇಲಾಖೆಯ ಜಾಲತಾಣದಲ್ಲಿ ನಿಮ್ಮೂರಿನ ನಕಾಶೆ ಸಿಗುತ್ತದೆ. ದಿಶಾಂಕ್ ಆ್ಯಪ್ ಹಾಕಿಕೊಂಡರೆ ನೀವು ನಿಂತ ಜಾಗದ ಸರ್ವೆ ನಂಬರನ್ನೂ ತೋರಿಸುತ್ತದೆ. ಜೋಡಿ ಚುಕ್ಕಿಗೆರೆ ಹಿಡಿದು ಹೊರಡಿ. ನಕಾಶೆಯಲ್ಲಿ ದಾರಿ ಇದ್ದು ಎದುರಿಗೆ ತೊಗರಿ ನಿಂತಿದ್ದರೆ ಫೋಟೊ ತೆಗೆದು, ಸರ್ವೆ ನಂಬರ್ ಬರೆದು, ತಹಶೀಲ್ದಾರರಿಗೆ ಅರ್ಜಿ ಕೊಡಿ. ಕೊಟ್ಟದ್ದಕ್ಕೆ ಸಹಿ ಹಾಕಿದ ಪ್ರತಿ ಇಸಿದುಕೊಳ್ಳಿ. ಸೂರ್ಯಾಸ್ತದ ಫೋಟೊ ಆಮೇಲೆ ಹಾಕಿದರಾಯಿತು.