ಲಿಲಾವಿನ ಮನೆ, ಬ್ಯಾಂಕಿನ ಕಪಾಟು

ಕುಮಟಾ, ಹೊನ್ನಾವರ, ಭಟ್ಕಳಗಳ ಮನೆ-ತೋಟಗಳ ಹರಾಜು (ನಮ್ಮ ಕಡೆಯ ಮಾತಿನಲ್ಲಿ ಲಿಲಾವು) ಪ್ರಕಟಣೆ ಕಂಡು, "ಸರ್, ಅಗ್ಗಕ್ಕೆ ಸಿಗುತ್ತಿದೆ, ಕೂಗಲೆ?" ಎಂದು ಕೇಳುವ ಹಳೆಯ ವಿದ್ಯಾರ್ಥಿಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕೊಲ್ಲಿ ದೇಶದಲ್ಲಿ ಇಪ್ಪತ್ತು ವರ್ಷ ದುಡಿದ ಹಣವದು.

2002ರ ಸರ್ಫೇಸಿ ಕಾಯ್ದೆಯ ನಿಯಮಗಳು, ತನಗೆ ತಿಳಿದಿರುವ ಋಣಭಾರವನ್ನಷ್ಟೇ ಪ್ರಕಟಿಸುವಂತೆ ಬ್ಯಾಂಕಿಗೆ ವಿಧಿಸುತ್ತವೆ. "ತಿಳಿದಂತೆ ಏನೂ ಇಲ್ಲ" ಎಂದು ಬರೆದು, "ಎಲ್ಲಿದೆಯೋ ಅಲ್ಲಿ, ಹೇಗಿದೆಯೋ ಹಾಗೆ" ಎಂದು ಸೇರಿಸಿದರೆ ಬ್ಯಾಂಕಿನ ಹೊಣೆ ಬಹುಮಟ್ಟಿಗೆ ಹಗುರಾಗುತ್ತದೆ. ಲೆಕ್ಕದ ಉತ್ತರದ ಕೆಳಗೆ "ನನಗೆ ತಿಳಿದಂತೆ" ಎಂದು ಬರೆದ ಹುಡುಗನಿಗೆ ನಾನು ಅಂಕ ಕೊಡುತ್ತಿದ್ದೆನೆ?

ಸಾಲ ಕೊಡುವಾಗ ಬ್ಯಾಂಕು ವಕೀಲರಿಂದ ಹಕ್ಕುಪತ್ರಗಳ ಪರಿಶೀಲನೆ ಮಾಡಿಸುತ್ತದೆ. ಅದರ ಶುಲ್ಕವನ್ನು ಸಾಮಾನ್ಯವಾಗಿ ತೆರುವವನು ಸಾಲಗಾರ. ಆ ವರದಿ ಕಪಾಟಿನಲ್ಲಿದೆ. ಠೇವಣಿ ಇಟ್ಟು ಕೂಗಲು ಬಂದವನಿಗೆ ಅದರ ಪ್ರತಿ ಕೊಡಬಾರದೇಕೆ? ಸಾಲಗಾರನ ಗೋಪ್ಯವಂತೆ! ಅವನ ಹೆಸರು, ವಿಳಾಸ, ಬಾಕಿಯನ್ನೆಲ್ಲ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ ಮೇಲೆ ಉಳಿದ ಗೋಪ್ಯ ಯಾವುದು? ಇತ್ತ ಗೆದ್ದವನು ಅಂದೇ ಅಥವಾ ಮರುದಿನದ ಕೆಲಸದ ವೇಳೆಯೊಳಗೆ ಶೇಕಡಾ 25 ಕಟ್ಟಬೇಕು. ಮಾರಾಟ ದೃಢಪಟ್ಟ ಬಳಿಕ ಉಳಿದದ್ದಕ್ಕೆ ಸಾಮಾನ್ಯವಾಗಿ 15 ದಿನ. ತಪ್ಪಿದರೆ ಕಟ್ಟಿದ್ದು ಮುಟ್ಟುಗೋಲು.

ಆದುದರಿಂದ ನೀವೇ ಹುಡುಕಿರಿ, ವೆಚ್ಚ ಅಲ್ಪ. ಪಹಣಿ, ಮ್ಯುಟೇಷನ್ 'ಭೂಮಿ'ಯಲ್ಲಿ, ಋಣಭಾರ ಪತ್ರ 'ಕಾವೇರಿ'ಯಲ್ಲಿ ದೊರೆಯುತ್ತವೆ. ಮೂವತ್ತು ವರ್ಷಗಳದ್ದನ್ನು ತೆಗೆಸಿರಿ. ಆದರೆ ಆ ಪತ್ರ ನೋಂದಣಿಯಾದದ್ದನ್ನು ಮಾತ್ರ ಬಲ್ಲದು. ನಮ್ಮ ಕರಾವಳಿಯ ತೊಡಕುಗಳೆಲ್ಲ ಅದರ ಹೊರಗಿವೆ. ಬಾಯಿಮಾತಿನ ಪಾಲು, ಮುಂಬಯಿಯಲ್ಲೋ ದುಬೈಯಲ್ಲೋ ಇರುವ ಸಹಿ ಹಾಕದ ವಾರಸುದಾರರು, ಪಾಲು ಕೇಳದೆ ಸುಮ್ಮನಿದ್ದ ಅಕ್ಕತಂಗಿಯರು. ಪಹಣಿಯಲ್ಲಿ ಹತ್ತು ಗುಂಟೆ, ಬೇಲಿಯೊಳಗೆ ಹದಿನಾಲ್ಕು ಇದ್ದರೆ ಉಳಿದ ನಾಲ್ಕು ಅರಣ್ಯದ ಅತಿಕ್ರಮಣವೇ ಎಂದು ಕೇಳಿರಿ. ಹೆದ್ದಾರಿ 66ರ ಬದಿಯ ಜಾಗವಾದರೆ ಭೂಸ್ವಾಧೀನದಲ್ಲಿ ಎಷ್ಟು ಹೋಗಿದೆಯೆಂದು ನೋಡಿರಿ. ಸಾಲಗಾರನ ಹೆಸರಿನಲ್ಲಿ ದಾವೆಯಿದೆಯೇ ಎಂಬುದನ್ನು ಇ-ಕೋರ್ಟ್ಸ್ ಜಾಲತಾಣದಲ್ಲಿ ಉಚಿತವಾಗಿ ಹುಡುಕಬಹುದು. ಹೆಸ್ಕಾಂ ಬಾಕಿಯನ್ನೂ ಕೇಳಿರಿ. ಹಿಂದಿನ ಮಾಲೀಕನ ವಿದ್ಯುತ್ ಬಾಕಿ ಹರಾಜಿನಲ್ಲಿ ಕೊಂಡವನ ಹೆಗಲೇರಬಹುದೆಂದು ಸುಪ್ರೀಂ ಕೋರ್ಟು 2023ರಲ್ಲಿ ಹೇಳಿದೆ. ಮುಖ್ಯವಾಗಿ, ನೆರೆಮನೆಯ ಅಜ್ಜಿಯೊಡನೆ ಅರ್ಧ ಗಂಟೆ ಕುಳಿತುಕೊಳ್ಳಿರಿ.

ಇಷ್ಟು ಕಾಗದ ಕೈಯಲ್ಲಿ ಹಿಡಿದು ವಕೀಲರ ಬಳಿಗೆ ಹೋದರೆ, ಅವರಿಗೆ ಅಭಿಪ್ರಾಯಕ್ಕಷ್ಟೇ ಕೊಟ್ಟರಾಯಿತು, ತಿರುಗಾಟಕ್ಕಲ್ಲ. ಠೇವಣಿ ಇಡುವ ಮುನ್ನ ಬ್ಯಾಂಕಿನ ಅಧಿಕೃತ ಅಧಿಕಾರಿಗೆ ಲಿಖಿತವಾಗಿ ಆ ವರದಿಯನ್ನು ಕೇಳಿರಿ. ಅವರು ನಿರಾಕರಿಸಿದರೆ ಅದನ್ನೂ ಬರವಣಿಗೆಯಲ್ಲೇ ಪಡೆದು, ನನಗೊಂದು ಪ್ರತಿ ಕಳುಹಿಸಿರಿ.