ಮೇನ್ ಫೋಟೋ ಯಾವ್ದು ಹಾಕ್ಲಿ ಮಾವ?



ಪೋಸ್ಟ್ ಸ್ವಲ್ಪ ಉದ್ದ ಆಗುತ್ತೆ. ನಾನೇ ಮಾಡಿದ ಒಂದು ತಪ್ಪಿನಿಂದ ಶುರು ಮಾಡ್ತೀನಿ, ಪೂರ್ತಿ ಓದಿ.

ಹೋದ ವಾರ ಹೊಳಲೂರಿನಿಂದ ನಮ್ಮಕ್ಕನ ಮಗಳು ವಾಟ್ಸಾಪಲ್ಲಿ ನಾಲ್ಕು ಫೋಟೋ ಕಳಿಸಿದ್ಲು. ಡಿಗ್ರಿ ಮುಗಿಸಿ ಮನೇಲಿದಾಳೆ. ಸೀರೆ ಅಂಗಡಿಯವರಿಗೆ, ಆನ್‌ಲೈನಲ್ಲಿ ಬಟ್ಟೆ ಮಾರೋರಿಗೆ ಮಾಡೆಲ್‌ಗಳು ಬೇಕಾಗ್ತಾರೆ. ಅದಕ್ಕೆ ಅವಳೂ ಒಂದು ಪೋರ್ಟ್‌ಫೋಲಿಯೋ ಮಾಡ್ಕೊಳ್ತಿದಾಳೆ. ಒಳಗೆ ಎಷ್ಟು ಫೋಟೋ ಬೇಕಾದ್ರೂ ಇರಬಹುದು, ಆದ್ರೆ ಹುಡುಕೋರಿಗೆ ಮೊದಲು ಕಾಣೋದು ಒಂದೇ. ಅದೂ ಮೊಬೈಲ್ ಪರದೆ ಮೇಲೆ ಅಂಚೆಚೀಟಿಯಷ್ಟು. ಅದನ್ನ ನೋಡಿ ಒತ್ತಿದ್ರೆ ಮುಂದಿನ ಮಾತು, ಇಲ್ಲಾಂದ್ರೆ ಇಲ್ಲ.

"ಮಾವ, ಮೇನ್ ಫೋಟೋ ಯಾವ್ದು ಹಾಕ್ಲಿ? ಬೇಗ ಹೇಳಿ" ಅಂತ ಕೆಳಗೆ ಬರೆದಿದ್ಲು.

ಒಂದನೇದು ಶಿವಮೊಗ್ಗದ ಒಂದು ಸ್ಟುಡಿಯೋದಲ್ಲಿ ತೆಗೆಸಿದ್ದು. ರೇಷ್ಮೆ ಸೀರೆ, ಮುಖ ಫಳಫಳ. ಎರಡನೇದರಲ್ಲಿ ಕೂಲಿಂಗ್ ಗ್ಲಾಸು. ಮೂರನೇದು ಕಾಲೇಜಿನ ಕಾರ್ಯಕ್ರಮದ್ದು, ಪಕ್ಕದಲ್ಲಿ ಗೆಳತಿಯ ಅರ್ಧ ಭುಜ. ನಾಲ್ಕನೇದು ಅವಳ ತಮ್ಮ ಬೆಳಗ್ಗೆ ಮನೆ ಪಕ್ಕದ ಗೋಡೆ ಹತ್ರ ಫೋನಲ್ಲಿ ತೆಗೆದದ್ದು. ಕಾಟನ್ ಚೂಡಿದಾರ, ಹಿಂದಕ್ಕೆ ಕಟ್ಟಿದ ಕೂದಲು, ನೇರ ನೋಟ.

ನಾನು ಒಂದು ನಿಮಿಷಾನೂ ಯೋಚಿಸಲಿಲ್ಲ. "ಒಂದನೇದು ಹಾಕು ಮಗಾ, ಸೂಪರ್" ಅಂದೆ.

ಸ್ವಲ್ಪ ಹೊತ್ತಾದ ಮೇಲೆ ಅವಳಿಂದ ಮೆಸೇಜು: "ಮಾವ, ಅದ್ರಲ್ಲಿ ನನ್ನ ಕೈ ನೋಡಿದ್ರಾ?"

ದೊಡ್ಡದು ಮಾಡಿ ನೋಡಿದೆ. ಮುಖ, ಕುತ್ತಿಗೆ ಎಲ್ಲ ಬೆಳ್ಳಗೆ. ಸೆರಗು ಹಿಡಿದ ಕೈ ಮಾತ್ರ ಅವಳದ್ದೇ ಬಣ್ಣ. ಸ್ಟುಡಿಯೋದವನು ಕಂಪ್ಯೂಟರಲ್ಲಿ ಮುಖ ತಿದ್ದಿ ಕೈ ಮರೆತಿದ್ದ. ನಮ್ಮವ್ವನ ಕೈ ಬಣ್ಣ ಅದು, ನಮ್ಮಕ್ಕನ ಕೈ ಬಣ್ಣ, ನಂದೂ ಅದೇ. ಮೂವತ್ತು ವರ್ಷದಿಂದ ವೇದಿಕೆ ಮೇಲೆ ಸ್ವಾಭಿಮಾನದ ಬಗ್ಗೆ ಮಾತಾಡಿದ ನಾನು ಆ ಕೈಯನ್ನ ನೋಡ್ಲೇ ಇಲ್ಲ.

ಯಾಕಣ್ಣ ಹಿಂಗೆ ಮಾಡಿದ್ರಿ ಅಂತ ಅವಳು ಸ್ಟುಡಿಯೋದಲ್ಲಿ ಕೇಳಿದ್ಲಂತೆ. "ಎಲ್ರಿಗೂ ಹಂಗೇ ಮಾಡೋದಮ್ಮ, ಅದಕ್ಕೆ ಎಕ್ಸ್‌ಟ್ರಾ ದುಡ್ಡು ತಗೊಂಡಿಲ್ಲ" ಅಂದನಂತೆ. ಅವನ ಮೇಲೆ ನಂಗೆ ಸಿಟ್ಟಿಲ್ಲ. ನನ್ನಂಥ ಗಿರಾಕಿಗಳು "ಸೂಪರ್" ಅಂತಾರೆ ಅಂತ ಅವನಿಗೆ ಗೊತ್ತು.

ನಮ್ಮ ಮನೆಗಳಲ್ಲೇ ಹೆಣ್ಣು ನೋಡಿ ಬಂದವರು ಏನಂತಾರೆ? "ಕಪ್ಪಗಿದ್ರೂ ಲಕ್ಷಣವಾಗಿದಾಳೆ" ಅಂತ. ಆ "ಇದ್ರೂ" ಅನ್ನೋದನ್ನ ಗಮನಿಸಿ. ಕಪ್ಪು ಒಂದು ಕೊರತೆ, ಆ ಕೊರತೆ ದಾಟಿ ಬಂದಿದಾಳೆ ಅಂತ ಅರ್ಥ. ಇನ್ನು ಕರಿ ಬ್ರಾಹ್ಮಣನನ್ನೂ ಬಿಳಿ ದಲಿತನನ್ನೂ ನಂಬಬೇಡ ಅನ್ನೋ ಅರ್ಥದ ಗಾದೆ ಹಳ್ಳಿ ಹಳ್ಳಿಗಳಲ್ಲಿದೆ. ಅಂದ್ರೆ ಚರ್ಮ ನೋಡಿದ ಕೂಡಲೇ ಜಾತಿ ಗೊತ್ತಾಗಬೇಕು ಅಂತ ಈ ಸಮಾಜ ಬಯಸುತ್ತೆ. ವಾಸ್ತವ ಹಾಗಿಲ್ಲ. ನಮ್ಮಲ್ಲಿ ಕೆಂಪಗಿರೋರೂ ಇದಾರೆ, ಅಗ್ರಹಾರದಲ್ಲಿ ಕಪ್ಪಗಿರೋರೂ ಇದಾರೆ. ಬಣ್ಣ ಜಾತಿಯ ಗುರುತಲ್ಲ. ಆದ್ರೂ ಕಪ್ಪು ಅಂದ ಕೂಡಲೇ "ಕೆಲಸದವಳ ಥರ" ಅನ್ನೋ ಮಾತು ಬರುತ್ತಲ್ಲ, ಅದರೊಳಗೆ ಕೂತಿರೋದು ಜಾತಿ.

ಇಸವಿಗಳನ್ನ ಸ್ವಲ್ಪ ಪಕ್ಕಪಕ್ಕ ಇಟ್ಟು ನೋಡಿ. ಬಿ. ಕೃಷ್ಣಪ್ಪ ಮೇಷ್ಟ್ರು ಭದ್ರಾವತಿಯಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿದ್ದು 1974ರಲ್ಲಿ. ಫೇರ್ ಅಂಡ್ ಲವ್ಲಿ ಮಾರುಕಟ್ಟೆಗೆ ಬಂದದ್ದು 1975ರಲ್ಲಿ. ಕರಪತ್ರ ತಲುಪಿದ ಕೇರಿಗಳಿಗೆಲ್ಲ ಆಮೇಲೆ ಆ ಟ್ಯೂಬೂ ತಲುಪಿತು. ಕಪ್ಪಗಿರೋರನ್ನ ಕೀಳಾಗಿ ತೋರಿಸಬೇಡಿ ಅಂತ ಜಾಹೀರಾತು ಮಾನದಂಡ ಮಂಡಳಿ ನಿಯಮ ತಂದದ್ದು 2014ರಲ್ಲಿ. 2020ರಲ್ಲಿ ಅಮೆರಿಕದಲ್ಲಿ ಜಾರ್ಜ್ ಫ್ಲಾಯ್ಡ್ ಕೊಲೆ ಆಗಿ ಜಗತ್ತೆಲ್ಲ ಗದ್ದಲ ಎದ್ದ ಮೇಲೆ ಕ್ರೀಮಿನ ಹೆಸರು ಗ್ಲೋ ಅಂಡ್ ಲವ್ಲಿ ಆಯ್ತು. ಹೆಸರು ಹೋಯ್ತು. ಸ್ಟುಡಿಯೋದವನ ಮೌಸಿನಲ್ಲಿ, ನನ್ನ ಕಣ್ಣಲ್ಲಿ ಅದು ಹಂಗೇ ಉಳ್ಕೊಂಡಿದೆ.

ಕ್ಯಾಮೆರಾ ಸುಳ್ಳು ಹೇಳಲ್ಲ ಅಂತ ಕೆಲವರು ಹೇಳ್ತಾರೆ. ಕ್ಯಾಮೆರಾಕ್ಕೂ ಒಂದು ಇತಿಹಾಸ ಇದೆ. ಕೊಡಾಕ್ ಕಂಪನಿ ಲ್ಯಾಬುಗಳಲ್ಲಿ ಬಣ್ಣ ಸರಿಯಾಗಿ ಬಂದಿದೆಯಾ ಅಂತ ಹೊಂದಿಸಿ ನೋಡೋಕೆ ಒಂದು ಮಾದರಿ ಕಾರ್ಡ್ ಕಳಿಸ್ತಿತ್ತು. ಅದಕ್ಕೆ ಶರ್ಲಿ ಕಾರ್ಡ್ ಅಂತ ಹೆಸರು. ದಶಕಗಳ ಕಾಲ ಅದರ ಮೇಲಿದ್ದದ್ದು ಬಿಳಿ ಹೆಂಗಸಿನ ಮುಖ. ಅವಳ ಚರ್ಮ ಚೆನ್ನಾಗಿ ಬಂದ್ರೆ ಫೋಟೋ ಸರಿ ಅಂತ ಲೆಕ್ಕ. ಕಪ್ಪು ಮುಖದ ವಿವರ ಮಸಿಯಾದ್ರೆ ಅದು ಫಿಲ್ಮಿನ ತಪ್ಪು ಅಂತ ಯಾರೂ ಹೇಳ್ತಿರಲಿಲ್ಲ. ಈಗಿನ ಕಂಪ್ಯೂಟರ್ ಕಣ್ಣೂ ಅದೇ ಶಾಲೇಲಿ ಕಲಿತದ್ದು. ಮುಖ ನೋಡಿ ಗಂಡೋ ಹೆಣ್ಣೋ ಹೇಳುವ ಮೂರು ಕಂಪನಿಗಳ ಪ್ರೋಗ್ರಾಮನ್ನ 2018ರಲ್ಲಿ ಜಾಯ್ ಬುಲಾಮ್ವಿನಿ ಮತ್ತು ಟಿಮ್ನಿತ್ ಗೆಬ್ರು ಪರೀಕ್ಷೆ ಮಾಡಿದ್ರು. ಬಿಳಿ ಗಂಡಸರ ವಿಷಯದಲ್ಲಿ ತಪ್ಪು ಹೆಚ್ಚೆಂದರೆ ಶೇ. 0.8. ಕಪ್ಪು ಹೆಂಗಸರಲ್ಲಿ ಶೇ. 34.7ರವರೆಗೆ.

ಆದ್ರೆ ಇದರಲ್ಲಿ ಒಂದು ಒಳ್ಳೆ ಪಾಠ ಇದೆ. ಬೆಳಕು ಕೊಡೋದು ಬೇರೆ, ಬಿಳಿ ಮಾಡೋದು ಬೇರೆ. ಬೆಳ್ಳಗಿನ ಗೋಡೆ ಮುಂದೆ ನಿಂತ್ರೆ ಫೋನು ಗೋಡೆಯ ಬೆಳಕನ್ನ ಲೆಕ್ಕ ಹಾಕಿ ನಮ್ಮ ಮುಖವನ್ನ ಇನ್ನೂ ಕತ್ತಲೆ ಮಾಡುತ್ತೆ. ಪರದೆ ಮೇಲೆ ಮುಖದ ಜಾಗ ಬೆರಳಲ್ಲಿ ಮುಟ್ಟಿ, ಬೆಳಕು ಸ್ವಲ್ಪ ಏರಿಸಿದ್ರೆ ಅದೇ ಮುಖ ಅದೇ ಬಣ್ಣದಲ್ಲಿ ಸ್ಪಷ್ಟವಾಗಿ ಬರುತ್ತೆ. ಮಧ್ಯಾಹ್ನದ ಬಿಸಿಲು ಬೇಡ. ಬೆಳಗ್ಗೆ ಬಾಗಿಲ ಹತ್ರ, ಕಿಟಕಿ ಹತ್ರ, ಬೆಳಕಿಗೆ ಮುಖ ಮಾಡಿ ನಿಂತ್ರೆ ಸಾಕು. ಬ್ಯೂಟಿ ಮೋಡ್ ಆಫ್ ಮಾಡಿ. ಅವಳ ತಮ್ಮ ಗೊತ್ತಿಲ್ಲದೇ ಮಾಡಿದ್ದು ಇದನ್ನೇ.

ಈ ವಿಷಯ ಹೇಳಿದಾಗ ನಮ್ಮ ಹಿರಿಯ ಸಂಗಾತಿಯೊಬ್ಬರು ಬೈದ್ರು. "ಬೆತ್ತಲೆ ಸೇವೆ ನಿಲ್ಲಿಸೋಕೆ ಒದೆ ತಿಂದವರು ನಾವು. ಈಗ ನಮ್ಮ ಹೆಣ್ಮಕ್ಕಳನ್ನ ಕ್ಯಾಮೆರಾ ಮುಂದೆ ನೀವೇ ನಿಲ್ಲಿಸ್ತೀರಾ?" ಅಂತ. ಅವರ ನೋವು ನಂಗೆ ಅರ್ಥ ಆಗುತ್ತೆ. ಹೊಸಬರಿಗೆ ಹೇಳ್ತೀನಿ: ನಮ್ಮದೇ ಜಿಲ್ಲೆ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಜನ ಹರಕೆ ಅಂತ ವರದಾ ನದೀಲಿ ಮಿಂದು ಬೆತ್ತಲೆಯಾಗಿ ರೇಣುಕಾಂಬೆಯ ಗುಡಿಗೆ ಹೋಗ್ತಿದ್ರು. ಹೆಚ್ಚಿನವರು ದಲಿತರು, ಹಿಂದುಳಿದ ಜಾತಿಯ ಬಡವರು. ಅದನ್ನ ನೋಡೋಕೆ ಅಂತಾನೇ ಬರೋರಿದ್ರು, ಕ್ಯಾಮೆರಾ ತರೋರೂ ಇದ್ರು. 1986ರ ಮಾರ್ಚ್‌ನಲ್ಲಿ ದಸಂಸ ಕಾರ್ಯಕರ್ತರು ತಡೆಯೋಕೆ ಹೋದಾಗ ಅವರ ಮೇಲೆ, ಪೊಲೀಸರ ಮೇಲೆ, ಪತ್ರಕರ್ತರ ಮೇಲೂ ಹಲ್ಲೆ ಆಯ್ತು. ಆಮೇಲೆ ಸರ್ಕಾರ ನಿಷೇಧ ತಂತು.

ಸಂಗಾತಿಗೆ ನನ್ನ ಉತ್ತರ ಇಷ್ಟೇ. ಅಲ್ಲಿ ಫೋಟೋದಲ್ಲಿ ಸಿಕ್ಕಿದ ಹೆಂಗಸಿಗೆ ಯಾರಾದ್ರೂ ಕೇಳಿದ್ರಾ, "ಅವ್ವಾ, ಇದನ್ನ ಹಾಕ್ಲಾ?" ಅಂತ? ನಮ್ಮ ಜನ ಪೇಪರಲ್ಲಿ ಬರೋದು ಯಾವಾಗ ನೋಡಿ. ಹರಕೆಯ ಬೆತ್ತಲೆಯಾಗಿ, ಮ್ಯಾನ್‌ಹೋಲಲ್ಲಿ ಅರ್ಧ ಮುಳುಗಿದವರಾಗಿ, ಹೆಣದ ಮುಂದೆ ಅಳುವವರಾಗಿ. ತೆಗೆದವನೂ ಬೇರೆ, ಆರಿಸಿದವನೂ ಬೇರೆ. ಇವತ್ತು ಹೊಳಲೂರಿನ ಒಬ್ಬ ಹುಡುಗಿ ತನ್ನವೇ ನಾಲ್ಕು ಫೋಟೋ ಮುಂದಿಟ್ಕೊಂಡು ಯಾವುದು ಮೊದಲು ಕಾಣಬೇಕು ಅಂತ ಯೋಚಿಸ್ತಿದಾಳೆ. ಈ ಅಧಿಕಾರ ನಮ್ಮವ್ವನಿಗೆ ಇರಲಿಲ್ಲ. ಅವಳದ್ದು ಅಂತ ನಮ್ಮನೇಲಿರೋ ಫೋಟೋ ಒಂದೇ, ಅದೂ ಗುರುತಿನ ಚೀಟೀದು.

ಬಾಬಾಸಾಹೇಬರಿಗೆ ಇದು ಚೆನ್ನಾಗಿ ಗೊತ್ತಿತ್ತು. 1927ರ ಡಿಸೆಂಬರ್, ಮಹಾಡ್. ಮನುಸ್ಮೃತಿ ಸುಟ್ಟ ಸಮಾವೇಶದಲ್ಲೇ ಅವರು ಹೆಣ್ಮಕ್ಕಳನ್ನ ಉದ್ದೇಶಿಸಿ ಮಾತಾಡಿದ್ರು. ನೀವು ಸೀರೆ ಉಡೋ ರೀತಿ, ಹೇರಿಕೊಂಡಿರೋ ಒಡವೆ ನೋಡಿ ಜಾತಿ ಗುರುತಿಸ್ತಾರೆ, ಆ ಗುರುತು ಬಿಡಿ ಅನ್ನೋದು ಅವರ ಮಾತಿನ ಸಾರ. ಅಲ್ಲಿದ್ದ ಹೆಂಗಸರು ಸೀರೆ ಉಡೋ ರೀತಿಯನ್ನೇ ಬದಲಾಯಿಸಿದ್ರು. ಅವರ ಸೂಟು, ಟೈ ಕೂಡ ಅದೇ ಮಾತನ್ನ ಹೇಳುತ್ತೆ.

"ಹಂಗಾದ್ರೆ ಬಣ್ಣದ ಗುರುತನ್ನೂ ಯಾಕೆ ಬಿಡಬಾರದು?" ಅಂತ ಯಾರಾದ್ರೂ ಕೇಳಬಹುದು. ಆ ಒಡವೆ ಬೇರೆಯವರು ಹೇರಿದ್ದು, ಅದನ್ನ ತೆಗೆದ ಹೆಂಗಸು ತಲೆ ಎತ್ತಿ ನಡೀಬಹುದು. ಮುಖದ ಬಣ್ಣ ತಿದ್ದಿಸ್ಕೊಂಡ ಹುಡುಗಿ ಕೈ ಮುಚ್ಚಿಕೊಂಡು ಓಡಾಡಬೇಕಾಗುತ್ತೆ.

ಈ ದಾರಿ ಸುಲಭ ಅಂತ ನಾನು ಹೇಳಲ್ಲ. ಛತ್ತೀಸ್‌ಗಢದ ಆದಿವಾಸಿ ಹುಡುಗಿ ರೆನೀ ಕುಜೂರ್ ಮಾಡೆಲ್ ಆಗಿ ಹೆಸರು ಮಾಡಿದ್ದು ನಿಮಗೆ ನೆನಪಿರಬಹುದು. ಚಿಕ್ಕವಳಿದ್ದಾಗ ಅವಳನ್ನ "ಕಾಲಿ ಪರಿ" ಅಂತ ಆಡಿಕೊಂಡಿದ್ರು. 2018ರಲ್ಲಿ ಪತ್ರಿಕೆಗಳೆಲ್ಲ ಅವಳ ಬಗ್ಗೆ ಬರೆದವು. ಬರೆದದ್ದು ಏನಂತ? ಪಾಪ್ ಗಾಯಕಿ ರಿಹಾನಾ ಥರ ಇದಾಳೆ ಅಂತ! ಚೆಂದ ಅಂತ ಒಪ್ಪಿಕೊಳ್ಳೋಕೂ ಹೊರದೇಶದ ಒಂದು ಮುಖದ ಶಿಫಾರಸು ಬೇಕಾಯ್ತು.

ಇನ್ನು ಕಸುಬಿನ ಮಾತು. ಈ ಕೆಲಸ ಗೊತ್ತಿರೋರನ್ನ ಕೇಳಿ ತಿಳ್ಕೊಂಡೆ. ಏಜೆನ್ಸಿಗಳು "ಡಿಜಿಟಲ್ಸ್" ಅಂತ ಕೇಳೋದೇ ಮೇಕಪ್ ಇಲ್ಲದ, ತಿದ್ದದ ಫೋಟೋಗಳನ್ನ. ಖಾಲಿ ಗೋಡೆ, ಸಾದಾ ಬಟ್ಟೆ, ಮುಖ ಎದುರಿಂದ, ಪಕ್ಕದಿಂದ, ಆಮೇಲೆ ಪೂರ್ತಿ ನಿಂತದ್ದು. ಕಾರಣ ಸರಳ: ಫೋಟೋದಲ್ಲಿ ಕಂಡವಳೇ ಬಾಗಿಲಿಗೆ ಬರಬೇಕು. ಬೇರೆಯವಳು ಬಂದ್ರೆ ಅವರ ಸಮಯ ಹಾಳು, ಇವಳ ಬಸ್ ಚಾರ್ಜು ಹಾಳು. ಮೇನ್ ಫೋಟೋ ಇತ್ತೀಚಿನದಿರಲಿ, ಒಬ್ಬರೇ ಇರಲಿ, ಕಣ್ಣು ಕಾಣಲಿ, ಚಿಕ್ಕದು ಮಾಡಿದ್ರೂ ಮುಖ ಗೊತ್ತಾಗಲಿ. ರೇಷ್ಮೆ ಸೀರೆ, ಒಡವೆ ಎಲ್ಲ ಒಳಗಿನ ಪುಟಗಳಿಗೆ.

ನಮ್ಮ ಹೆಣ್ಮಕ್ಕಳಿಗೆ ಇನ್ನೂ ಎರಡು ಮಾತು. ದುಡ್ಡು ಕೊಟ್ಟು ತೆಗೆಸಿದ ಫೋಟೋದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ರೆ, ತೆಗೆಸಿದವರದ್ದೇ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಇದನ್ನೇ ಹೇಳುತ್ತೆ. ಆದ್ದರಿಂದ ತಿದ್ದದ ಮೂಲ ಫೋಟೋ ಕೊಡಿ ಅಂತ ಧೈರ್ಯವಾಗಿ ಕೇಳಿ. ಮತ್ತೆ, ಸ್ವಂತ ಫೋನ್ ನಂಬರು, ಮನೆ ವಿಳಾಸ ಅಲ್ಲಿ ಹಾಕಬೇಡಿ. ಕೆಲಸ ಕೊಡಿಸ್ತೀವಿ, ಮೊದಲು ರಿಜಿಸ್ಟ್ರೇಷನ್ ಫೀ ಕಟ್ಟಿ ಅನ್ನೋರನ್ನ, ಇನ್ನೂ ಕಡಿಮೆ ಬಟ್ಟೆಯ ಫೋಟೋ ಖಾಸಗಿಯಾಗಿ ಕಳಿಸಿ ಅನ್ನೋರನ್ನ ಅಲ್ಲೇ ಬ್ಲಾಕ್ ಮಾಡಿ.

ಇಷ್ಟೆಲ್ಲ ಅವಳಿಗೆ ಹೇಳಿ, "ನನ್ನ ಓಟು ವಾಪಸ್ ತಗೊಂಡಿದೀನಿ ಮಗಾ, ನೀನೇ ನಿರ್ಧಾರ ಮಾಡು" ಅಂದೆ. ಯಾಕಂದ್ರೆ ಬೆಲೆ ಕಟ್ಟಬೇಕಾದವಳು ಅವಳು. ಬಿಳಿ ಫೋಟೋ ಹಾಕಿದ್ರೆ ಹೆಚ್ಚು ಕರೆ ಬರ್ತಿತ್ತೇನೋ. ನಮ್ಮ ಸಿದ್ಧಾಂತವನ್ನ ಇಪ್ಪತ್ತೆರಡು ವರ್ಷದ ಹುಡುಗಿಯ ಮುಖದ ಮೇಲೆ ಹೇರಿ, ಕೆಲಸ ಸಿಗದಿದ್ರೆ ಭೇಷ್ ಅಂತ ಬೆನ್ನು ತಟ್ಟೋದು ಹೋರಾಟ ಆಗಲ್ಲ.

ಅವಳು ನಾಲ್ಕನೇದು ಹಾಕಿದಾಳೆ. ನಾನು ಇದನ್ನ ಬರೆಯೋವರೆಗೆ ಕರೆ ಬಂದಿಲ್ಲ. ಅಕ್ಕನಿಗೆ ನನ್ನ ಮೇಲೆ ಸ್ವಲ್ಪ ಕೋಪಾನೂ ಇದೆ, "ಅಷ್ಟು ದುಡ್ಡು ಕೊಟ್ಟು ತೆಗೆಸಿದ ಫೋಟೋ ದಂಡ ಮಾಡಿದ್ರಿ" ಅಂತ.

ಅದಕ್ಕೇ ಈ ಪೋಸ್ಟ್ ಅವಳಂಥ ಹುಡುಗಿಯರಿಗಿಂತ ಹೆಚ್ಚಾಗಿ ಆರಿಸೋ ಜಾಗದಲ್ಲಿ ಕೂತ ನಮಗೆ. ಅಂಗಡಿ ಇಟ್ಕೊಂಡಿರೋ, ಬೊಟಿಕ್ ನಡೆಸೋ, ಮದುವೆ ಫೋಟೋ ತೆಗೆಯೋ ನಮ್ಮ ಗೆಳೆಯರು ಬೇಕಾದಷ್ಟು ಜನ ಇದಾರೆ. ಮುಂದಿನ ಸಲ ಮಾಡೆಲ್ ಹುಡುಕುವಾಗ ನಿಮ್ಮ ಬೆರಳು ಯಾವ ಫೋಟೋ ಮೇಲೆ ನಿಲ್ಲುತ್ತೆ ಅಂತ ನೀವೇ ಗಮನಿಸಿ. ನಮ್ಮ ಸಂಘಟನೆಗಳೂ ಅಷ್ಟೇ. ಏಪ್ರಿಲ್ 14ರ ಫ್ಲೆಕ್ಸ್‌ಗಳಲ್ಲಿ ಬಾಬಾಸಾಹೇಬರ ಮುಖ, ಸಾವಿತ್ರಿಬಾಯಿ ಮುಖ ಹಾಲಿನ ಥರ ಇರುತ್ತೆ. ಕೆಳಗಿನ ಸಾಲಿನ ನಮ್ಮ ಮುಖಗಳೂ ಅಷ್ಟೇ. ಹೋದ ವರ್ಷದ ಫ್ಲೆಕ್ಸ್ ತೆಗೆದು ನೋಡಿದೆ, ನಾನೂ ಅದರಲ್ಲಿ ಬೆಳ್ಳಗಿದೀನಿ!

ಈ ಸಲ ಡಿಸೈನ್ ಮಾಡೋ ಹುಡುಗನಿಗೆ ಮೊದಲೇ ಹೇಳಿ: ಮುಖ ಮುಟ್ಟಬೇಡ, ಇದ್ದಂಗೇ ಪ್ರಿಂಟ್ ಹಾಕು. ನಾನು ಹೇಳಾಗಿದೆ. ನಿಮ್ಮೂರಿನ ಫ್ಲೆಕ್ಸ್ ಹೆಂಗೆ ಬಂತು ಅಂತ ಏಪ್ರಿಲಲ್ಲಿ ಫೋಟೋ ಸಮೇತ ತಿಳಿಸಿ.

ಜೈ ಭೀಮ್.