ಪ್ಲಾಸ್ಟರ್ ಕೈಯ ಪುಟಾಣಿಗೆ ನಿದ್ದೆ ಬರಲಿ

ಕೈ ಮುರಿದು ಪ್ಲಾಸ್ಟರ್ ಹಾಕಿಸಿಕೊಂಡು ಬಂದ ಮಗು ರಾತ್ರಿಯಿಡೀ ನರಳಿದರೆ 'ಹಟ ಮಾಡ್ತಾನೆ, ಬಿಡು' ಎನ್ನುವವರೇ ಹೆಚ್ಚು. ನನಗಂತೂ ಈ ಮಾತು ಒಪ್ಪಿಗೆಯಿಲ್ಲ. ಮೊದಲ 2-3 ದಿನ ಬಾವು ಜಾಸ್ತಿ. ಪ್ಲಾಸ್ಟರ್ ಹಿಗ್ಗುವುದಿಲ್ಲವಲ್ಲ, ಒಳಗೇ ಬಿಗಿಯುತ್ತದೆ. ಅದಕ್ಕೇ ಕೈ ಎದೆಮಟ್ಟಕ್ಕಿಂತ ಮೇಲಿರುವಂತೆ ದಿಂಬು ಕೊಡಿ. ಜಾರುತ್ತದೆಯೇ? ಹಳೇ ಸೀರೆ ಮಡಿಸಿ ಪಕ್ಕಕ್ಕೆ ಒತ್ತಾಗಿಡಿ. ನೋವಿನ ಔಷಧಿಯನ್ನು ವೈದ್ಯರು ಹೇಳಿದ ಹೊತ್ತಿಗೇ ಕೊಡಿ, ಅತ್ತ ಮೇಲಲ್ಲ.

ತುರಿಕೆಗೆ ಸ್ಕೇಲು, ಹೆಣಿಗೆ ಕಡ್ಡಿ ತೂರಿಸುವ ಉಪಾಯ ಬೇಡವೇ ಬೇಡ. ಒಳಗೆ ಗಾಯವಾದರೆ ಕಾಣುವುದೂ ಇಲ್ಲ. ಹೇರ್ ಡ್ರೈಯರ್‌ನಿಂದ ತಣ್ಣನೆಯ ಗಾಳಿ ಬಿಡಿ, ಸಾಕು.

ಮಲಗಿಸುವಾಗ ಮತ್ತು ನಡುರಾತ್ರಿ ಒಮ್ಮೆ ಬೆರಳು ನೋಡಿ. ಉಗುರು ಒತ್ತಿ ಬಿಟ್ಟರೆ 2-3 ಸೆಕೆಂಡಿನಲ್ಲಿ ಬಣ್ಣ ಮರಳಬೇಕು. ಬೆರಳು ತಣ್ಣಗಾದರೆ, ನೀಲಿಗಟ್ಟಿದರೆ, ಜೋಮು ಹಿಡಿದರೆ, ಮೆಲ್ಲಗೆ ಬಿಡಿಸಿದರೂ ಮಗು ಚೀರಿದರೆ, ಔಷಧಿ ಕೊಟ್ಟರೂ ನೋವು ಏರುತ್ತಲೇ ಇದ್ದರೆ ಅದು ಹಟವಲ್ಲ. ಒಳಗಿನ ಒತ್ತಡಕ್ಕೆ ರಕ್ತ ಹರಿಯದೆ ಸ್ನಾಯು ಕೆಡಲು ಕೆಲವೇ ಗಂಟೆ ಸಾಕು. ಅತ್ತೆಯವರು 'ಈ ಹೊತ್ನಲ್ಲಾ?' ಎಂದರೂ ಬೆಳಗಾಗಲೆಂದು ಕಾಯದೆ ಆಟೋ ಹಿಡಿದು ಆಸ್ಪತ್ರೆಗೆ ಹೊರಡಿ.